ಹತ್ತನೇ ನಂಬರಿಗೆ ಬೀಗ ಯಾಕೆ?

2002ರ ಫುಟ್‌ಬಾಲ್ ವಿಶ್ವಕಪ್‌ಗೆ ಮುಂಚೆ ಅರ್ಜೆಂಟೀನಾದವರು ಫಿಫಾಗೆ ಒಂದು ವಿಚಿತ್ರ ಪಟ್ಟಿ ಕಳಿಸಿದ್ದರು. ತಂಡದಲ್ಲಿ 23 ಜನ, ಜೆರ್ಸಿ ನಂಬರ್ ಮಾತ್ರ 24ರವರೆಗೆ. ಮಧ್ಯದಲ್ಲಿ 10 ಮಾಯ. ಅದು ಮರಡೋನಾನದ್ದು, ಇನ್ಯಾರೂ ಹಾಕಬಾರದು ಅನ್ನುವುದು ಅವರ ಆಸೆ. ಫಿಫಾ ಒಪ್ಪಲಿಲ್ಲ. 23 ಜನ ಇದ್ದರೆ 1ರಿಂದ 23, ಅಷ್ಟೇ ಅಂದಿತು. ಕೊನೆಗೆ 10 ಏರಿಯಲ್ ಒರ್ಟೆಗಾ ಬೆನ್ನಿಗೆ ಬಂತು. ಆ ಸಲ ಅರ್ಜೆಂಟೀನಾ ಗುಂಪು ಹಂತದಲ್ಲೇ ಗಂಟುಮೂಟೆ ಕಟ್ಟಿತು, ಅದು ಬೇರೆ ಕಥೆ.

ಫಿಫಾವನ್ನು ಹೊಗಳುವ ಅವಕಾಶ ನಮಗೆ ಜಾಸ್ತಿ ಸಿಗುವುದಿಲ್ಲ. ಹಾಗಾಗಿ ಸಿಕ್ಕಾಗ ಬಿಡಬಾರದು. ಅವತ್ತು ಅವರು "ಆಯ್ತು, ನಿಮ್ಮಿಷ್ಟ" ಅಂದಿದ್ದರೆ ಏನಾಗುತ್ತಿತ್ತು ಯೋಚಿಸಿ. 2009ರಲ್ಲಿ ರಿಕೆಲ್ಮೆ ರಾಷ್ಟ್ರೀಯ ತಂಡ ಬಿಟ್ಟ. 10 ಖಾಲಿಯಾಯಿತು. ಅದು 21 ವರ್ಷದ ಮೆಸ್ಸಿಗೆ ಹೋಯಿತು. ಆಗ ಕೋಚ್ ಯಾರು? ಸ್ವತಃ ಮರಡೋನಾ! ಯಾವ ನಂಬರನ್ನು ಅವನ ಹೆಸರಲ್ಲಿ ಬೀರುವಿನಲ್ಲಿ ಇಡಬೇಕು ಅಂತ ದೇಶವೇ ಹೊರಟಿತ್ತೋ, ಅದನ್ನು ಅವನ ಕಣ್ಣೆದುರೇ ಇನ್ನೊಬ್ಬ ಹುಡುಗ ತಲೆಯ ಮೇಲಿಂದ ಎಳೆದು ಹಾಕಿಕೊಂಡ. 2022ರ ಡಿಸೆಂಬರ್ 18ರ ರಾತ್ರಿ ಲುಸೈಲ್‌ನಲ್ಲಿ ಕಪ್ ಎತ್ತಿದಾಗ ಮೆಸ್ಸಿ ಹಾಕಿದ್ದೂ ಅದೇ 10. 1986ರ ಮರಡೋನಾ ಫೋಟೋವನ್ನೂ ಮೆಸ್ಸಿ ಫೋಟೋವನ್ನೂ ಪಕ್ಕಪಕ್ಕ ಇಟ್ಟು ಲಕ್ಷಾಂತರ ಜನ ಹಂಚಿಕೊಂಡರಲ್ಲ, ಮೆಸ್ಸಿ ಬೆನ್ನ ಮೇಲೆ 19 ಇದ್ದಿದ್ದರೆ ಆ ಜೋಡಿಗೆ ಅರ್ಧ ಮಜಾ ಇರುತ್ತಿರಲಿಲ್ಲ.

ಈಗ ಅದೇ ಅರ್ಜೆಂಟೀನಾದಲ್ಲಿ ಮೆಸ್ಸಿ ನಂತರ 10 ಯಾರಿಗೂ ಕೊಡಬಾರದು ಅನ್ನುವ ಮಾತು ಎದ್ದಿದೆ. ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರೇ ಹೇಳಿದ್ದಾರೆ. ಅನುಭವದಿಂದ ಯಾರೂ ಕಲಿಯುವುದಿಲ್ಲ ಅಲ್ವಾ?

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ದೊಡ್ಡ ಆಟಗಾರನ ನಂಬರನ್ನು ನಿವೃತ್ತಿ ಮಾಡಬಾರದು. ಅದನ್ನು ಯಾರಿಗೆ ಕೊಡಬೇಕು ಅನ್ನುವ ಹಕ್ಕನ್ನು ಅವನಿಗೇ ಬಿಡಬೇಕು.

ಮೊದಲು ಒಂದು ವಿಷಯ. ಹಿಂದೆ ಈ ನಂಬರ್ ಯಾರ ಸ್ವತ್ತೂ ಆಗಿರಲಿಲ್ಲ. ಇಂಗ್ಲೆಂಡ್‌ನ ಲೀಗ್‌ನಲ್ಲಿ ಬೆನ್ನಿಗೆ ನಂಬರ್ ಹಾಕಿ ಆಡಿದ್ದು ಮೊದಲು 1928ರಲ್ಲಿ, ಆರ್ಸೆನಲ್ ಮತ್ತು ಚೆಲ್ಸಿ, ಬೇರೆ ಬೇರೆ ಪಂದ್ಯಗಳಲ್ಲಿ. ಗೋಲ್‌ಕೀಪರ್‌ಗೆ 1, ರೈಟ್ ಬ್ಯಾಕ್‌ಗೆ 2, ಹೀಗೆ ಜಾಗಕ್ಕೆ ನಂಬರ್, ಆಳಿಗಲ್ಲ. ಈ ವಾರ ನೀನು 9, ಮುಂದಿನ ವಾರ ನಿನಗೆ ಗಾಯವಾದರೆ ಇನ್ನೊಬ್ಬ 9. ಪ್ರೀಮಿಯರ್ ಲೀಗ್‌ನಲ್ಲಿ ಇಡೀ ಸೀಸನ್‌ಗೆ ಒಬ್ಬನಿಗೆ ಒಂದೇ ನಂಬರ್, ಬೆನ್ನ ಮೇಲೆ ಹೆಸರು ಅನ್ನುವುದು ಬಂದದ್ದು 1993ರಲ್ಲಿ. ಇಟಲಿಯಲ್ಲಿ 1995ರಲ್ಲಿ. ಅಂದರೆ ನಾವು ಇಷ್ಟೊಂದು ಭಾವುಕರಾಗುವ ಈ ವ್ಯವಹಾರಕ್ಕೆ ಮೂವತ್ತು ಚಿಲ್ಲರೆ ವರ್ಷ ವಯಸ್ಸು. ಜೆರ್ಸಿ ಮಾರಾಟ ಜೋರಾದದ್ದೂ ಆಗಲೇ ಅನ್ನುವುದನ್ನು ಸುಮ್ನೆ ನೆನಪಿಸುತ್ತಿದ್ದೇನೆ.

ಡಚ್ ದಿಗ್ಗಜ ಕ್ರೈಫ್‌ನ 14 ತಗೊಳ್ಳಿ. ಅದು ಯಾರೂ ಆಸೆಪಡುವ ನಂಬರೇ ಅಲ್ಲ, ಸಬ್‌ಸ್ಟಿಟ್ಯೂಟ್‌ಗಳದ್ದು. 1970ರ ಅಕ್ಟೋಬರ್‌ನಲ್ಲಿ ಪಿಎಸ್‌ವಿ ವಿರುದ್ಧ ಆಡುವ ದಿನ, ಅವನ ಕ್ಲಬ್ ಅಯಾಕ್ಸ್‌ನ ಗೆರಿ ಮ್ಯೂರೆನ್‌ಗೆ ತನ್ನ ಜೆರ್ಸಿ ಸಿಗಲಿಲ್ಲ. ಕ್ರೈಫ್ ತನ್ನದನ್ನು ಅವನಿಗೆ ಕೊಟ್ಟು, ಬುಟ್ಟಿಗೆ ಕೈಹಾಕಿ ಸಿಕ್ಕಿದ್ದನ್ನು ಹಾಕಿಕೊಂಡ. ಅದು 14. ಗೆದ್ದರು. ಮುಂದಿನ ವಾರವೂ ಹಾಗೇ ಆಡೋಣ ಅಂದುಕೊಂಡರು. 1974ರ ವಿಶ್ವಕಪ್‌ನಲ್ಲಿ ಡಚ್ಚರು ಹೆಸರಿನ ಅಕ್ಷರದ ಕ್ರಮದಲ್ಲಿ ನಂಬರ್ ಹಂಚಿದಾಗಲೂ (ಗೋಲ್‌ಕೀಪರ್‌ಗೆ 8 ಬಂದಿತ್ತು!) ಕ್ರೈಫ್ ಮಾತ್ರ 14 ಬಿಡಲಿಲ್ಲ. 2007ರಲ್ಲಿ, ಅವನಿಗೆ 60 ತುಂಬಿದಾಗ, ಅಯಾಕ್ಸ್ ಅದನ್ನು ಎತ್ತಿಟ್ಟಿತು. ಬುಟ್ಟಿಯಲ್ಲಿ ಬಿದ್ದಿದ್ದ ನಂಬರಿಗೆ ಅಷ್ಟು ಬೆಲೆ ತಂದುಕೊಟ್ಟವನ ಗೌರವಕ್ಕೆ, ಆ ಬುಟ್ಟಿಗೆ ಇನ್ಯಾರೂ ಕೈಹಾಕಬಾರದು ಅಂತ ಮಾಡಿದರು. ನನಗಂತೂ ಅದು ತಿರುಗುಮುರುಗು ಲೆಕ್ಕ ಅನ್ನಿಸುತ್ತದೆ.

ಜೂಡ್ ಬೆಲ್ಲಿಂಗ್‌ಹ್ಯಾಮ್ ವಿಷಯ ಇನ್ನೂ ತಮಾಷೆ. 2020ರಲ್ಲಿ ಅವನು ಜರ್ಮನಿಯ ಡಾರ್ಟ್‌ಮಂಡ್ ಕ್ಲಬ್‌ಗೆ ಹೊರಟಾಗ ಬರ್ಮಿಂಗ್‌ಹ್ಯಾಮ್ ಸಿಟಿ ಅವನ 22 ನಿವೃತ್ತಿ ಮಾಡಿತು. ಹುಡುಗನಿಗೆ 17 ವರ್ಷ, ಆಡಿದ್ದು 44 ಪಂದ್ಯ. ಜಗತ್ತೇ ನಕ್ಕಿತು. ಅವನು ಆಮೇಲೆ ಎಷ್ಟು ಬೆಳೆದ ಅನ್ನುವುದು ಗೊತ್ತೇ ಇದೆ, ಈಗ ನಗುವವರು ಕಡಿಮೆ. ಆದರೆ ರಿಯಲ್ ಮ್ಯಾಡ್ರಿಡ್‌ಗೆ ಹೋದಾಗ ಅವನು ಹಾಕಿಕೊಂಡದ್ದು ಯಾವುದು? 5. ಜಿದಾನ್ ಹಾಕುತ್ತಿದ್ದ 5! ಅವರು ಅದಕ್ಕೆ ಬೀಗ ಹಾಕಿರಲಿಲ್ಲ. ಹಾಕೋಣ ಅಂದರೂ ಆಗುತ್ತಿರಲಿಲ್ಲ, ಯಾಕಂದರೆ ಸ್ಪೇನ್ ಲೀಗ್‌ನಲ್ಲಿ ಮೊದಲ ತಂಡದವರು 1ರಿಂದ 25ರ ಒಳಗೇ ಇರಬೇಕು. ಆ ನಿಯಮದಿಂದಲೇ ಬಾರ್ಸಿಲೋನಾದ 10 ಕೂಡ ನಿಲ್ಲದೆ ಓಡುತ್ತಿದೆ. ರೊನಾಲ್ಡಿನೊ, ಮೆಸ್ಸಿ, ಅನ್ಸು ಫಾತಿ, ಈಗ ಲಮೀನ್ ಯಮಾಲ್. ಫಾತಿ ಹತ್ತಿರ ಆಗಲಿಲ್ಲ, ಗಾಯಗಳು ಬಿಡಲಿಲ್ಲ. ಅದರಿಂದ ಮೆಸ್ಸಿಗೇನೂ ಕಮ್ಮಿಯಾಗಲಿಲ್ಲ.

ಇಲ್ಲಿ ಒಂದು ಎದುರು ವಾದ ಇದೆ, ಗಟ್ಟಿಯಾದದ್ದೇ. ಹಳೇ ಹೆಸರಿನ ಭಾರಕ್ಕೆ ಹೊಸಬ ನಲುಗುತ್ತಾನೆ ಅನ್ನುವುದು. ಮ್ಯಾಂಚೆಸ್ಟರ್ ಯುನೈಟೆಡ್‌ನ 7 ನೋಡಿ. ಬೆಸ್ಟ್, ರಾಬ್ಸನ್, ಕ್ಯಾಂಟೊನಾ, ಬೆಕ್‌ಹ್ಯಾಮ್, ರೊನಾಲ್ಡೊ. ರೊನಾಲ್ಡೊ 2009ರಲ್ಲಿ ಹೋದ ಮೇಲೆ ಬಂದವರ ಕಥೆ ಹೇಳುವಂತಿಲ್ಲ. ವಲೆನ್ಸಿಯಾ ಒಂದು ಸೀಸನ್ 7 ಹಾಕಿ, ಬೇಡಪ್ಪ ಅಂತ ವಾಪಸ್ ತನ್ನ 25ಕ್ಕೆ ಹೋದ. ಡಿ ಮರಿಯಾ ಒಂದೇ ವರ್ಷಕ್ಕೆ ಕಾಲ್ಕಿತ್ತ. ಸ್ಯಾಂಚೆಜ್ ಬಗ್ಗೆ ಯುನೈಟೆಡ್ ಅಭಿಮಾನಿಗಳ ಹತ್ತಿರ ಮಾತೆತ್ತಬೇಡಿ. ಭಾರ ಇದೆ, ಸುಳ್ಳಲ್ಲ. ಆದರೆ ಕ್ಯಾಂಟೊನಾ ನಂತರ ಅದನ್ನು ಮುಚ್ಚಿಟ್ಟಿದ್ದರೆ ಬೆಕ್‌ಹ್ಯಾಮ್‌ನ 7 ಇರುತ್ತಿರಲಿಲ್ಲ, ರೊನಾಲ್ಡೊ ಇವತ್ತು ತನ್ನ ಹೆಸರಿನ ಜೊತೆ ಅಂಟಿಸಿಕೊಂಡು ವ್ಯಾಪಾರ ಮಾಡುವ 7 ಕೂಡ ಇರುತ್ತಿರಲಿಲ್ಲ.

ನನ್ನ ವಾದ ತಡವರಿಸುವುದು ನೇಪಲ್ಸ್‌ನಲ್ಲಿ. 1984ರಲ್ಲಿ ಮರಡೋನಾ ಬರುವ ತನಕ ಆ ಊರಿನ ಕ್ಲಬ್ ನಾಪೋಲಿ ಒಂದೂ ಲೀಗ್ ಗೆದ್ದಿರಲಿಲ್ಲ. ಉತ್ತರ ಇಟಲಿಯ ದುಡ್ಡಿರುವ ಊರುಗಳು ಈ ಊರನ್ನು ಹೀಯಾಳಿಸುತ್ತಿದ್ದವು. 1987, 1990, ಎರಡು ಲೀಗ್. ಮಧ್ಯೆ 1989ರಲ್ಲಿ ಯುಇಎಫ್‌ಎ ಕಪ್. ಗೋಡೆ ಗೋಡೆಯ ಮೇಲೆ ಅವನ ಚಿತ್ರ ಇವತ್ತಿಗೂ ಇದೆ. 2000ದಲ್ಲಿ 10 ನಿವೃತ್ತಿ ಮಾಡಿದರು. 2004ರಲ್ಲಿ ಕ್ಲಬ್ ದಿವಾಳಿಯಾಗಿ ಸೀರಿ ಸಿಗೆ ಬಿತ್ತು. ಅಲ್ಲಿ ಮತ್ತೆ ಹಳೇ ನಿಯಮ, ಕಣಕ್ಕಿಳಿಯುವ ಹನ್ನೊಂದು ಜನಕ್ಕೆ 1ರಿಂದ 11. ಹಾಗಾಗಿ ದೇವರ ನಂಬರು ವಿಧಿಯಿಲ್ಲದೆ ಮಣ್ಣಿಗೆ ಇಳಿಯಿತು. ರೊಬೆರ್ಟೊ ಸೋಸಾ ಅನ್ನುವ ಅರ್ಜೆಂಟೀನಾದವನೇ ಅದನ್ನು ಹಾಕಿಕೊಂಡು ಮೂರನೇ ದರ್ಜೆಯ ಮೈದಾನಗಳಲ್ಲಿ ಓಡಾಡಿದ. ನನಗೆ ಈ ಭಾಗವೇ ಅತಿ ಇಷ್ಟ. ಕ್ಲಬ್ ಕಷ್ಟದಲ್ಲಿದ್ದಾಗ 10 ಬೀರುವಿನಲ್ಲಿ ಇರಲಿಲ್ಲ, ಜೊತೆಗೆ ಬೆವರು ಸುರಿಸುತ್ತಿತ್ತು. 2023ರಲ್ಲಿ 33 ವರ್ಷದ ಮೇಲೆ ಮತ್ತೆ ಲೀಗ್ ಗೆದ್ದಾಗ ಜನ ಕ್ವರಾತ್ಸ್‌ಖೇಲಿಯಾನನ್ನು "ಕ್ವಾರಡೋನಾ" ಅಂತ ಕೂಗುತ್ತಿದ್ದರು. ಹೆಸರು ಕೊಟ್ಟರು, ನಂಬರ್ ಕೊಡಲಿಲ್ಲ. ಅವನು 77 ಹಾಕಿ ಆಡಿದ. ಆದರೂ ನೇಪಲ್ಸ್‌ನವರ ಜೊತೆ ಈ ವಿಷಯಕ್ಕೆ ಜಗಳ ಆಡುವ ಧೈರ್ಯ ನನಗಿಲ್ಲ.

ಆಡುತ್ತಿರುವಾಗಲೇ ತೀರಿಹೋದವರ ವಿಷಯ ಪೂರ್ತಿ ಬೇರೆ. 2003ರಲ್ಲಿ ಕ್ಯಾಮರೂನ್‌ಗೆ ಆಡುತ್ತಾ ಕುಸಿದುಬಿದ್ದ ಮಾರ್ಕ್ ವಿವಿಯನ್ ಫೋ, ಮ್ಯಾಂಚೆಸ್ಟರ್ ಸಿಟಿಯಲ್ಲಿ ಅವನ 23. 2018ರಲ್ಲಿ ಪಂದ್ಯದ ದಿನ ಹೋಟೆಲ್ ಕೋಣೆಯಲ್ಲಿ ಏಳದೇ ಹೋದ ದಾವಿದೆ ಅಸ್ತೋರಿ, ಫಿಯೊರೆಂಟಿನಾದಲ್ಲೂ ಕಾಲ್ಯಾರಿಯಲ್ಲೂ 13. 2025ರ ಜುಲೈನಲ್ಲಿ ಕಾರ್ ಅಪಘಾತದಲ್ಲಿ ತಮ್ಮನ ಜೊತೆ ಹೋದ ದಿಯೊಗೊ ಜೋಟಾ, ಲಿವರ್‌ಪೂಲ್‌ನಲ್ಲಿ 20. ಇವರ್ಯಾರೂ ಆ ಜೆರ್ಸಿಯನ್ನು ಬಿಟ್ಟುಕೊಟ್ಟು ಹೋದವರಲ್ಲ. ಅವರ ಕೈಯಿಂದ ಇನ್ನೊಬ್ಬರಿಗೆ ದಾಟಿಸಲು ಅವರೇ ಇಲ್ಲ. ಅಲ್ಲಿ ಬೀಗ ಹಾಕಿದರೆ ನನ್ನ ತಕರಾರಿಲ್ಲ.

ಇಂಥದ್ದೊಂದು ನಮ್ಮ ಬೆಂಗಳೂರಲ್ಲೇ ಆಗಿದೆ. 2004ರ ಡಿಸೆಂಬರ್ 5, ಕಂಠೀರವ ಕ್ರೀಡಾಂಗಣ, ಫೆಡರೇಶನ್ ಕಪ್ ಫೈನಲ್. ಗೋವಾದ ಡೆಂಪೊ ವಿರುದ್ಧ ಮೋಹನ್ ಬಾಗಾನ್. ಡೆಂಪೊದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್‌ಗೆ 25 ವರ್ಷ. ಆಗಲೇ ಒಂದು ಗೋಲ್ ಹೊಡೆದಿದ್ದ. ಎರಡನೆಯದನ್ನು ಹೊಡೆಯುವ ಹೊತ್ತಿಗೆ ಗೋಲ್‌ಕೀಪರ್ ಜೊತೆ ಡಿಕ್ಕಿಯಾಯಿತು. ಚೆಂಡು ಬಲೆಯೊಳಗೆ ಹೋಯಿತು, ಅವನು ನೆಲಕ್ಕೆ ಬಿದ್ದ. ಉಳಿಯಲಿಲ್ಲ. ಡೆಂಪೊ 2-0 ಗೆದ್ದಿತು, ಅವನ ಎರಡು ಗೋಲಿನಿಂದ. ಆ ಕ್ಲಬ್ ಅವನ 10 ನಿವೃತ್ತಿ ಮಾಡಿತು. ಇವತ್ತು ಅದೇ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಪಂದ್ಯಕ್ಕೆ ಡೋಲು ಬಡಿಯುವ ಹುಡುಗರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ. ಅಲ್ಲೆಲ್ಲಾದರೂ ಒಂದು ಫಲಕ ಹಾಕಿದರೆ ಯಾರ ಗಂಟೂ ಹೋಗುವುದಿಲ್ಲ.

ಕ್ರಿಕೆಟ್‌ಗೂ ಈ ಗೀಳು ಅಂಟಿದೆ. 2017ರಲ್ಲಿ ಶಾರ್ದೂಲ್ ಠಾಕೂರ್ ಪಾಪ 10 ಹಾಕಿ ಇಳಿದದ್ದೇ ತಪ್ಪಾಯಿತು, ಸಚಿನ್ ಅಭಿಮಾನಿಗಳು ಬೈದ ರಭಸಕ್ಕೆ 54ಕ್ಕೆ ಓಡಿದ. 2023ರಲ್ಲಿ ನಮ್ಮ ಆರ್‌ಸಿಬಿ ಎಬಿಡಿಯ 17, ಗೇಲ್‌ನ 333 ಎತ್ತಿಟ್ಟಿತು. 333ನ್ನು ಬೇರೆ ಯಾರು ಕೇಳುತ್ತಿದ್ದರು ಅನ್ನುವುದು ನನ್ನ ಪ್ರಶ್ನೆ. ಎಬಿಡಿ ಬಗ್ಗೆ ನಾನೇನೂ ಅನ್ನಲ್ಲ, ಈ ಊರಲ್ಲಿ ಬದುಕಬೇಕಲ್ಲ.

ಹಾಗಾದರೆ ಗೌರವಿಸುವುದು ಹೇಗೆ? ಎಸಿ ಮಿಲಾನ್ 2009ರಲ್ಲಿ ಪಾವ್ಲೊ ಮಾಲ್ದಿನಿಯ 3ಕ್ಕೆ ಒಂದು ಷರತ್ತು ಇಟ್ಟಿತು. ಅವನ ಮಕ್ಕಳು ಮೊದಲ ತಂಡಕ್ಕೆ ಬಂದರೆ ಹಾಕಬಹುದು. ಅಪ್ಪನ ಅಂಗಡಿ ಮಗನಿಗೆ ಅನ್ನುವ ಲೆಕ್ಕ, ನನಗೆ ಹಿಡಿಸಲಿಲ್ಲ. ಮಗ ಡ್ಯಾನಿಯಲ್ ಬಂದ, 27 ಹಾಕಿ ಆಡಿದ, ಬೇರೆ ಕ್ಲಬ್‌ಗೆ ಹೋದ. ರೋಮಾದವರು ಮಾಡಿದ್ದು ಚೆನ್ನಾಗಿತ್ತು. ಬ್ರೆಜಿಲ್‌ನ ಆಲ್ದೈರ್‌ನ 6 ಅನ್ನು 2003ರಲ್ಲಿ ನಿವೃತ್ತಿ ಮಾಡಿದ್ದರು. ಹತ್ತು ವರ್ಷದ ಮೇಲೆ ಸ್ಟ್ರೂಟ್‌ಮನ್ ಬಂದಾಗ ಆಲ್ದೈರ್ ಒಪ್ಪಿಗೆ ಕೊಟ್ಟ, 6 ಮತ್ತೆ ಕಣಕ್ಕಿಳಿಯಿತು.

ಬಿಎಫ್‌ಸಿ ಸುನಿಲ್ ಚೆಟ್ರಿಯ 11ಕ್ಕೆ ಮಾಡಬೇಕಾದದ್ದೂ ಇದನ್ನೇ. 2013ರಲ್ಲಿ ಕ್ಲಬ್ ಹುಟ್ಟಿದಾಗಿನಿಂದ ಕ್ಲಬ್‌ನ ಮುಖವೇ ಆತ. "11 ಇನ್ಯಾರಿಗೂ ಬೇಡ" ಅನ್ನುವವರ ಪ್ರೀತಿ ನನಗೆ ಅರ್ಥವಾಗುತ್ತದೆ. ಬೇಕಾದರೆ ಒಂದೆರಡು ಸೀಸನ್ ಖಾಲಿ ಬಿಡಿ. ಆಮೇಲೆ ಅಕಾಡೆಮಿಯಿಂದ ಬಂದ ಒಬ್ಬ ಹುಡುಗನನ್ನು ಚೆಟ್ರಿಯೇ ಆರಿಸಲಿ, ವೆಸ್ಟ್ ಬ್ಲಾಕ್ ಅಭಿಮಾನಿಗಳ ಎದುರು ನಿಂತು ತನ್ನ ಕೈಯಾರೆ ಕೊಡಲಿ. ಆ ಹುಡುಗ ಹುಬ್ಬಳ್ಳಿಯವನೋ ಮಂಗಳೂರಿನವನೋ ಆದರೆ ಇನ್ನೂ ಸಂತೋಷ, ಆದರೆ ಅದು ಷರತ್ತಲ್ಲ. ಮೊದಲ ಪಂದ್ಯದಲ್ಲೇ ಅವನು ಖಾಲಿ ಗೋಲು ಮಿಸ್ ಮಾಡಿದರೆ ಇಲ್ಲೇ ಬಂದು ಉದ್ದಕ್ಕೆ ಬೈದು ಬರೆಯುತ್ತೇನೆ. ಟಿಕೆಟ್ ತಗೊಂಡವನಿಗೆ ಅಷ್ಟು ಹಕ್ಕು ಇರಬೇಕಪ್ಪ.