ಹೋಗುವಾಗ ಎಂಟು, ಬರುವಾಗ ಏಳು

ಲಂಡನ್‌ನಿಂದ ನ್ಯೂಯಾರ್ಕ್ ಎಷ್ಟು ದೂರ ಅಂತ ನನ್ನ ಆಫೀಸಿನ ಇಂಗ್ಲಿಷ್ ಗೆಳೆಯನನ್ನು ಕೇಳಿದರೆ ತಟ್ಟನೆ ‘3,450 ಮೈಲಿ’ ಅನ್ನುತ್ತಾನೆ. ಇಲ್ಲಿನವರಿಗೆ ರಸ್ತೆ ಬದಿಯ ಫಲಕದಲ್ಲೂ ಮೈಲಿ, ಮಾತಲ್ಲೂ ಮೈಲಿ. ಕಿಲೋಮೀಟರ್ ಲೆಕ್ಕದಲ್ಲಿ ಸುಮಾರು 5,550. ಇವೆರಡಕ್ಕಿಂತ ಜಾಣ ಅಳತೆಯೊಂದು ಕನ್ನಡದಲ್ಲಿದೆ: ಕೂಗಳತೆ. ಕೂಗಿದರೆ ಕೇಳಿಸುವಷ್ಟು ದೂರ. ಗಾಳಿ ಆ ಕಡೆ ಬೀಸಿದರೆ ಕೂಗು ಇನ್ನಷ್ಟು ದೂರ ಹೋಗುತ್ತದೆ, ಎದುರಿಂದ ಬೀಸಿದರೆ ಅರ್ಧ ದಾರಿಯಲ್ಲೇ ಅಡಗಿಹೋಗುತ್ತದೆ. ವಿಮಾನಕ್ಕೂ ಇಂಥ ಅಳತೆಯೇ ಸರಿ ಅನ್ನುವುದು ನನ್ನ ವಾದ.

ಕೆಲಸದ ಮೇಲೆ ವರ್ಷಕ್ಕೆ ಎರಡು ಮೂರು ಸಲ ಈ ದಾರಿಯಲ್ಲಿ ಓಡಾಡುತ್ತೇನೆ. ಟಿಕೆಟ್ ಪ್ರಕಾರ ಹೋಗುವಾಗ ಹೆಚ್ಚುಕಮ್ಮಿ 8 ಗಂಟೆ, ಬರುವಾಗ 7. ಮೊದಲ ಸಲ, ಎರಡೂ ಊರಿನ ಗಡಿಯಾರಗಳ ಐದು ಗಂಟೆ ವ್ಯತ್ಯಾಸದಲ್ಲಿ ನಾನೇ ಎಲ್ಲೋ ಎಡವಿದೆ ಅಂದುಕೊಂಡು ಕಾಗದದ ಮೇಲೆ ಮತ್ತೆ ಕೂಡಿಸಿ ಕಳೆದು ನೋಡಿದ್ದೆ. ತಪ್ಪೇನೂ ಇರಲಿಲ್ಲ. ಕಾರಣ ಜೆಟ್ ಸ್ಟ್ರೀಮ್. ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆ ಅದು. ಚಳಿಗಾಲದಲ್ಲಿ ಅದರ ರಭಸ ಇನ್ನೂ ಜಾಸ್ತಿ.

ಕಳೆದ ಸಲ ಹೋಗುವಾಗ ಸೀಟಿನ ಮುಂದಿನ ಪರದೆ ವೇಗ 780 ಕಿ.ಮೀ. ಅಂತ ತೋರಿಸುತ್ತಿತ್ತು. ವಾರ ಕಳೆದು ಬರುವಾಗ 1,020. ಅದೇ ಬಗೆಯ ವಿಮಾನ. ಪೂರ್ತಿ ದಾರಿಗೂ ಇದೇ ವೇಗ ಅಂತ ಹಿಡಿದು ಭಾಗಿಸಿ ನೋಡಿ: ಒಂದು ಕಡೆ 7 ಗಂಟೆ ದಾಟುತ್ತದೆ, ಇನ್ನೊಂದು ಕಡೆ ಐದೂವರೆಗೂ ಕಮ್ಮಿ. ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಕ್ಕಿತಲ್ವಾ ಅನ್ನಬೇಡಿ, ಪೂರ್ತಿ ಸಿಗುವುದಿಲ್ಲ. ಎದುರುಗಾಳಿಯಲ್ಲಿ ನಾವು ಕಳೆಯುವ ಹೊತ್ತೇ ಜಾಸ್ತಿ. ಗಾಳಿಯೇ ಇಲ್ಲದೆ 900ರಲ್ಲಿ ಹೋಗಿಬಂದಿದ್ದರೆ ಒಟ್ಟು 13 ನಿಮಿಷ ಉಳಿಯುತ್ತಿತ್ತು.

ಅಟ್ಲಾಂಟಿಕ್ ಮೇಲಿನ ದಾರಿಗಳನ್ನೂ ಗಾಳಿ ನೋಡಿಕೊಂಡೇ ದಿನಾ ಹೊಸದಾಗಿ ಹಾಕುತ್ತಾರೆ. ಹಗಲಲ್ಲಿ ಪಶ್ಚಿಮಕ್ಕೆ ಹೋಗುವ ದಾರಿಗಳನ್ನು ಹಾಕುವುದು ಬ್ರಿಟನ್-ಐರ್ಲೆಂಡ್ ಕಡೆಯ ವಿಮಾನ ಸಂಚಾರ ನಿಯಂತ್ರಣ ಕೇಂದ್ರವಾದ ಶಾನ್‌ವಿಕ್, ರಾತ್ರಿ ಪೂರ್ವಕ್ಕೆ ಬರುವ ದಾರಿಗಳನ್ನು ಹಾಕುವುದು ಕೆನಡಾದ ಅಂಥದ್ದೇ ಕೇಂದ್ರ ಗ್ಯಾಂಡರ್. ಎದುರುಗಾಳಿ ತಪ್ಪಿಸಲು ಕೆಲವು ದಿನ ವಿಮಾನ ಉತ್ತರಕ್ಕೆ ಸುತ್ತಿಕೊಂಡು ಗ್ರೀನ್‌ಲ್ಯಾಂಡ್ ಕಡೆಯಿಂದ ಹೋಗುತ್ತದೆ. ಮೈಲಿ ಜಾಸ್ತಿ, ಹೊತ್ತು ಕಮ್ಮಿ. ಗೆಳೆಯನ 3,450 ಇಲ್ಲಿ ಯಾವ ಕೆಲಸಕ್ಕೆ ಬಂತು?

2020ರ ಫೆಬ್ರವರಿಯಲ್ಲಿ, ಕಿಯಾರಾ ಬಿರುಗಾಳಿಯ ಹೊತ್ತಿಗೆ, ಬ್ರಿಟಿಷ್ ಏರ್‌ವೇಸ್‌ನ 747 ಒಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷಕ್ಕೇ ಬಂದಿಳಿಯಿತು. ನೆಲದ ಲೆಕ್ಕದಲ್ಲಿ ಅದರ ವೇಗ 1,300 ಕಿ.ಮೀ. ದಾಟಿತ್ತು. ಹಾಗಂತ ಶಬ್ದದ ವೇಗವನ್ನು ಮೀರಲಿಲ್ಲ. ಸುತ್ತಲಿನ ಗಾಳಿಯೇ ಓಡುತ್ತಿತ್ತು, ವಿಮಾನ ಅದರೊಳಗೆ ಎಂದಿನ ವೇಗದಲ್ಲೇ ಹಾರುತ್ತಿತ್ತು.

ನಕ್ಷೆ ನೋಡಿ, ಭಾಗಾಕಾರ ಮಾಡಿ, ಎರಡು ಊರಿಗೆ ಒಂದೇ ಉತ್ತರ ಹೇಳುವವರನ್ನು ನಾನು ನಂಬುವುದಿಲ್ಲ. ಯಾವ ಕಡೆಗೆ, ಯಾವ ತಿಂಗಳು ಅಂತ ಅವರು ಮೊದಲು ಕೇಳಬೇಕಿತ್ತು. ಇನ್ನು ಟಿಕೆಟ್‌ನ ಗಂಟೆಯಲ್ಲಿ ನೆಲದ ಮೇಲಿನ ತೆವಳಾಟವೂ ಸೇರಿರುತ್ತದೆ. ಕಳೆದ ಸಲ ಬರುವಾಗ 40 ನಿಮಿಷ ಮುಂಚೆಯೇ ಇಳಿದೆವು. ಗೇಟ್ ಖಾಲಿ ಇರಲಿಲ್ಲ. ಎಲ್ಲರೂ ಎದ್ದು ನಿಂತು, ಬ್ಯಾಗು ಇಳಿಸಿಕೊಂಡು, ಮತ್ತೆ ಕೂತೆವು. ಬಾಗಿಲು ತೆರೆದಾಗ ಟಿಕೆಟ್‌ನಲ್ಲಿ ಬರೆದಿದ್ದ ಹೊತ್ತೇ ಆಗಿತ್ತು.