ವೀರಮಾತೆಗೊಂದು ಕೈಮಾ ಯಂತ್ರ

2025ರ ಮಾರ್ಚ್ ಮೊದಲ ವಾರ, ಮಾರ್ಚ್ 8ರ ಮಹಿಳಾ ದಿನದ ಮುನ್ನ. ರಷ್ಯಾದ ಉತ್ತರದ ಮುರ್ಮಾನ್ಸ್ಕ್ ಪ್ರಾಂತದಲ್ಲಿ ಪೊಲ್ಯಾರ್ನಿಯೆ ಜೋರಿ ಎಂಬ ಪುಟ್ಟ ಪಟ್ಟಣ. ಉಕ್ರೇನಿನಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರನ್ನು ಕಾಣಲು ಆಳುವ ಪಕ್ಷದವರು ಹೂವು ಹಿಡಿದು ಬಂದರು. ಜೊತೆಗೊಂದು ಪೆಟ್ಟಿಗೆ. ಒಳಗೆ ಕೈಮಾ ಯಂತ್ರ!

ಉಕ್ರೇನಿನ ಬಾಖ್ಮುತ್ ಪಟ್ಟಣದ ಕಾಳಗಕ್ಕೆ ಬಿದ್ದ ಅಡ್ಡಹೆಸರೂ ಅದೇ ಎಂಬುದು ಆ ಮಹನೀಯರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಗುನಗುತ್ತಾ ಫೋಟೊ ತೆಗೆದು ಜಾಲತಾಣಕ್ಕೂ ಹಾಕಿದರು. ಜನ ಉಗಿದಾಗ, ‘ಒಬ್ಬ ತಾಯಿಯೇ ಕೇಳಿದ್ದರು, ಇಲ್ಲವೆನ್ನಲಾಗಲಿಲ್ಲ’ ಎಂಬ ಸಮಜಾಯಿಷಿ ಬಂತು. ಇದ್ದರೂ ಇರಬಹುದು. ಕೇಳಿದ್ದನ್ನು ಕೊಡುವ ಈ ಧಾರಾಳತನ ಮಕ್ಕಳು ಬದುಕಿದ್ದಾಗ ಎಲ್ಲಿ ಅಡಗಿತ್ತೋ.

2022ರ ಸೆಪ್ಟೆಂಬರಿನಲ್ಲಿ 3 ಲಕ್ಷ ಜನರನ್ನು ಸೇನೆಗೆ ಕರೆದಾಗ ಅವರಿಗೆ ತೊಡಿಸಲು ಬಟ್ಟೆಯೇ ಸಾಲಲಿಲ್ಲ. ಉಗ್ರಾಣದಲ್ಲಿ ಇರಬೇಕಿದ್ದ 15 ಲಕ್ಷ ಜೊತೆ ಸಮವಸ್ತ್ರ ಎಲ್ಲಿ ಹೋಯಿತು ಎಂದು ಕೇಳಿದ್ದು ಶತ್ರುವಲ್ಲ, ಅವರದೇ ಸಂಸದ, ಮಾಜಿ ಜನರಲ್ ಗುರುಲ್ಯೋವ್. ಆದರೆ ಮನೆಯವರ ಹೊಟ್ಟೆಗೆ ಮಾತ್ರ ಸರ್ಕಾರ ಕಡಿಮೆ ಮಾಡಲಿಲ್ಲ. ಸಖಾಲಿನ್‌ನಲ್ಲಿ ಮನೆಗೆ ಐದಾರು ಕೆಜಿ ಮೀನು. ತುವಾ ಪ್ರಾಂತದಲ್ಲಿ ಮನೆಗೊಂದು ಕುರಿ, ಜೊತೆಗೆ ಹಿಟ್ಟು, ಆಲೂಗಡ್ಡೆ, ಎಲೆಕೋಸು. ಹರಕೆಯದು ಯಾವುದು, ಮನೆಗೆ ಬಂದ ಕುರಿಯೋ, ಮನೆಯಿಂದ ಹೋದದ್ದೋ ಎಂದು ಕೇಳಿದರೆ ದೇಶದ್ರೋಹವಾದೀತು.

ಇದಕ್ಕೂ ಮೊದಲೇ, ಆ ವರ್ಷದ ಜುಲೈನಲ್ಲಿ, ಸರ್ಕಾರಿ ಟಿವಿ ಒಂದು ಕುಟುಂಬವನ್ನು ತೋರಿಸಿತ್ತು. ಮಗ ಸತ್ತಿದ್ದಕ್ಕೆ ಬಂದ ಹಣದಲ್ಲಿ ಹೊಸ ಲಾಡಾ ಕಾರು. ಮಗ ಆಸೆಪಟ್ಟಿದ್ದ ಬಿಳಿಯ ಬಣ್ಣದ್ದೇ. ಮೊದಲ ಸವಾರಿ ಎಲ್ಲಿಗೆ? ಅವನ ಸಮಾಧಿಗೆ. ವರದಿಗಾರನ ದನಿಯಲ್ಲಿ ಗೃಹಪ್ರವೇಶದ ಸಡಗರ.

ಇನ್ನು ಯುದ್ಧತಂತ್ರ. ಸುಮಾರು 70 ಸಾವಿರ ಜನರಿದ್ದ ಬಾಖ್ಮುತ್ ಹಿಡಿಯಲು ತನ್ನ ಕಡೆಯ 20 ಸಾವಿರ ಜನ ಸತ್ತರೆಂದು ರಷ್ಯಾ ಪರ ಕಾದಾಡಿದ ಬಾಡಿಗೆ ಪಡೆ ವ್ಯಾಗ್ನರ್‌ನ ಒಡೆಯ ಪ್ರಿಗೋಝಿನ್ ತಾನೇ ಲೆಕ್ಕ ಒಪ್ಪಿಸಿದ. ಮೂಗಿಗಿಂತ ಮೂಗುತಿ ಭಾರ. 2023ರ ಮೇ ತಿಂಗಳಲ್ಲಿ ಹೆಣಗಳ ಸಾಲಿನ ಮುಂದೆ ನಿಂತು, ಆಗಿನ ರಕ್ಷಣಾ ಸಚಿವ ಶೋಯಿಗು ಹೆಸರು ಹಿಡಿದು, ಮದ್ದುಗುಂಡು ಎಲ್ಲಿ ಎಂದು ಕಿರುಚಿದ. ಮಾರ್ಚ್ 8ರಂದು ಕೇಳಿದ್ದರೆ ಸಿಗುತ್ತಿತ್ತೇನೋ.

ನಮ್ಮ ಕಲಬುರಗಿಯ ಕೆಲವು ಯುವಕರೂ ಸೆಕ್ಯೂರಿಟಿ ಕೆಲಸವೆಂದು ನಂಬಿ ಹೋಗಿ ಇದೇ ಸೇನೆಯ ಕೈಗೆ ಸಿಕ್ಕಿದ್ದರು. 2024ರ ಸೆಪ್ಟೆಂಬರಿನಲ್ಲಿ ಜೀವಂತ ಮರಳಿದರು. ಹೀಗಾಗಿ ಅವರ ತಾಯಂದಿರಿಗೆ ಕೈಮಾ ಯಂತ್ರ ತಪ್ಪಿಹೋಯಿತು.