ಅರ್ಧ ಕಲಿತವರಿಗೂ ಒಂದು ಜಾಗ

ಕಳೆದ ತಿಂಗಳು ಒಂದು ಮಂಗಳವಾರ ಸಂಜೆ, ಇಪ್ಪತ್ತೆರಡು ವರ್ಷದ ಮೇಲೆ, ನಾಲ್ಕು ಜನರ ಎದುರು ಪಿಟೀಲು ನುಡಿಸಿದೆ. ಊರಲ್ಲಲ್ಲ. ಇಲ್ಲಿ, ಅಮೆರಿಕದ ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ.

ಅದರ ಹಿಂದಿನ ವಾರ ಮಗಳ ಗಿಟಾರಿಗೆ ತಂತಿ ತರಲು ಹೋಗಿದ್ದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಹತ್ತು ಹನ್ನೆರಡು ಜನ ದುಂಡಗೆ ಕೂತು ಬ್ಲೂಗ್ರಾಸ್ ನುಡಿಸುತ್ತಿದ್ದರು. ಜನಪದದಿಂದ ಬೆಳೆದ ಇಲ್ಲಿಯ ತಂತಿವಾದ್ಯಗಳ ಸಂಗೀತ ಅದು. ಬ್ಯಾಂಜೊ, ಮ್ಯಾಂಡೊಲಿನ್, ಮೂರು ಗಿಟಾರ್, ಒಂದು ದೊಡ್ಡ ಬಾಸ್. ಬಾಗಿಲಲ್ಲಿ ನಿಂತವನನ್ನು ಒಬ್ಬರು ಕೇಳಿದರು, 'ನೀವೇನು ನುಡಿಸ್ತೀರಿ?' ಪಿಟೀಲು ಅಂದೆ. 'ಮುಂದಿನ ವಾರ ತನ್ನಿ' ಅಂದರು. ಎಷ್ಟು ವರ್ಷ ಕಲಿತಿದ್ದೀರಿ, ಯಾರ ಹತ್ತಿರ, ಸೀನಿಯರ್ ಪರೀಕ್ಷೆ ಆಗಿದೆಯಾ? ಒಂದೂ ಕೇಳಲಿಲ್ಲ.

ಹೋದೆ. ಕುರ್ಚಿಯಲ್ಲಿ ಕೂತು ನುಡಿಸಿ ಅಭ್ಯಾಸವಿಲ್ಲ. ನೆಲದ ಮೇಲೆ ಕೂತು ಪಿಟೀಲಿನ ತುದಿಯನ್ನು ಪಾದದ ಮೇಲೆ ಇಟ್ಟುಕೊಂಡೆ. ಎಲ್ಲರೂ ಕಾಲು ಸರಿಸಿ ಜಾಗ ಮಾಡಿಕೊಟ್ಟರು. ನಾನು ಸ-ಪ-ಸ-ಪ ಅಂತ ಶ್ರುತಿ ಮಾಡುತ್ತಿದ್ದರೆ, ವಯಸ್ಸಾದ ಪಿಟೀಲಿನವರೊಬ್ಬರು ಬಗ್ಗಿ ಕೇಳಿಸಿಕೊಂಡರು. ಇಲ್ಲಿಯ ಅಪಲಾಚಿಯನ್ ಬೆಟ್ಟದ ಹಳಬರೂ ಎಷ್ಟೋ ಹಾಡಿಗೆ ಪಾಶ್ಚಾತ್ಯ ಸ್ವರಗಳ ಹೆಸರಲ್ಲಿ ಎ-ಇ-ಎ-ಇ ಅಂತ ತಂತಿ ಕಟ್ಟುತ್ತಿದ್ದರಂತೆ. ಅದು ನಮ್ಮ ಸ-ಪ-ಸ-ಪವೇ ಅಲ್ವಾ! ನನಗೆ ಕಣ್ಣು ತುಂಬಿ ಬಂತು.

ಅಲ್ಲಿಯ ಕ್ರಮ ಹೀಗೆ. ಒಬ್ಬರು ಹಾಡು ಎತ್ತುತ್ತಾರೆ, ಶ್ರುತಿ ಹೇಳುತ್ತಾರೆ. ಆಮೇಲೆ ಸರದಿ ಸುತ್ತುತ್ತದೆ. ತಲೆಯಾಡಿಸಿದರೆ ಮುಂದಿನ ಸುತ್ತು ನಿಮ್ಮದು. ಬೇಡವಾದರೆ ಸುಮ್ನೆ ಪಕ್ಕದವರ ಕಡೆ ನೋಡಿದರಾಯಿತು. ಬೇರೆಯವರ ಸರದಿಯಲ್ಲಿ ಮೆಲ್ಲಗೆ ತಾಳಕ್ಕೆ ನಿಲ್ಲಬೇಕು, ಅಷ್ಟೇ.

ನನ್ನ ಪಕ್ಕ ಕೂತಿದ್ದ ಗಿಟಾರಿನವರು ಈಗ ಸಂಗೀತದಲ್ಲೇ ಬದುಕುವವರು. ಮೊದಲು ಹದಿನೈದು ವರ್ಷ ಮನೆಗಳಿಗೆ ಚಾವಣಿ ಹೊದಿಸುವ ಕೆಲಸ ಮಾಡಿದ್ದರಂತೆ. ಕೆಲಸ ಮುಗಿಸಿ ಇಂಥ ದುಂಡುಗಳಿಗೆ ಬರುತ್ತಿದ್ದರು. ಒಂದು ವಾರಾಂತ್ಯ ಯಾವುದೋ ಬ್ಯಾಂಡಿಗೆ ಗಿಟಾರಿನವರು ಸಿಗಲಿಲ್ಲ. ಇಲ್ಲಿ ಕೇಳಿದ್ದವರು ಇವರನ್ನು ಕರೆದರು. ಈಗ ವಾರವಿಡೀ ಪಾಠ, ಶನಿವಾರ ಭಾನುವಾರ ಮದುವೆ, ಜಾತ್ರೆ.

ಹೆಸರಾಂತ ಗಿಟಾರ್ ವಾದಕ ಡಾಕ್ ವಾಟ್ಸನ್ ದಾರಿಯೂ ಸುಮಾರು ಹೀಗೆಯೇ. ಈ ರಾಜ್ಯದ ಡೀಪ್ ಗ್ಯಾಪ್‌ನಲ್ಲಿ 1923ರಲ್ಲಿ ಹುಟ್ಟಿದವರು. ಹಸುಗೂಸಾಗಿದ್ದಾಗಲೇ ಕಣ್ಣು ಹೋಯಿತು. ಪಿಯಾನೊ ಶ್ರುತಿ ಮಾಡಿಕೊಟ್ಟು ಸಂಸಾರ ನಡೆಸಿದರು. 1953ರ ಹೊತ್ತಿಗೆ ಕುಣಿತದ ಹಾಡುಗಳ ಬ್ಯಾಂಡೊಂದರಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ಅಲ್ಲಿ ಪಿಟೀಲಿನವರಿರಲಿಲ್ಲ. ಹಾಗಾಗಿ ಪಿಟೀಲಿನ ಮಟ್ಟುಗಳನ್ನೆಲ್ಲ ಇವರೇ ಗಿಟಾರಿನಲ್ಲಿ ತೆಗೆದರು. ಅಲ್ಲಿಯವರೆಗೆ ಈ ಸಂಗೀತದಲ್ಲಿ ಗಿಟಾರಿಗೆ ತಾಳ ಹಿಡಿಯುವುದೇ ಹೆಚ್ಚಿನ ಕೆಲಸ. ಡಾಕ್ ಬರೀ ಬ್ಲೂಗ್ರಾಸ್ ನುಡಿಸಿದವರಲ್ಲ, ಆದರೂ ಇವತ್ತಿನ ಬ್ಲೂಗ್ರಾಸ್ ಗಿಟಾರಿನವರ ಬಲಗೈಯಲ್ಲಿ ಅವರಿದ್ದಾರೆ. 2017ರಲ್ಲಿ ಆ ಲೋಕದ ವರ್ಷದ ಗಿಟಾರ್ ಪ್ರಶಸ್ತಿ ಮೊದಲ ಸಲ ಒಬ್ಬ ಹೆಣ್ಣುಮಗಳಿಗೆ, ಮಾಲಿ ಟಟಲ್‌ಗೆ, ಬಂತು. ಆಕೆಯೂ ಅಪ್ಪನ ಜೊತೆ ನುಡಿಸುತ್ತಲೇ ಬೆಳೆದವಳು.

ಇದೇ ರಾಜ್ಯದ ಬೂನ್ ಊರಿನಲ್ಲಿ ಡಾಕ್ ಕಂಚಿನಲ್ಲಿ ಕೂತಿದ್ದಾರೆ. ಬೀದಿ ಬದಿಯ ಬೆಂಚಿನ ಮೇಲೆ, ಕೈಯಲ್ಲಿ ಗಿಟಾರ್. ಜನರಲ್ಲಿ ಒಬ್ಬ ಅಂತಷ್ಟೇ ಬರೆಸಿದ್ದಾರೆ. ಅವರೇ ಹಾಗೆ ಕೇಳಿಕೊಂಡಿದ್ದು. ಪಕ್ಕದಲ್ಲಿ ಯಾರು ಬೇಕಾದರೂ ಕೂರಬಹುದು. ನಾನೂ ಕೂತು ಬಂದಿದ್ದೇನೆ.

ಅಲ್ಲಿ ಕೂತಾಗ ನೆನಪಾಗಿದ್ದು ಒಂದು ರಾಮನವಮಿ. ನನಗಾಗ ಹದಿನಾಲ್ಕು. ಪೆಂಡಾಲಿನಲ್ಲಿ ಕಛೇರಿ. ಹಿಂದೆ ಕೂತು ಮೆಲ್ಲಗೆ ನುಡಿಸಲಾ ಅಂತ ವಿದ್ವಾಂಸರೊಬ್ಬರನ್ನು ಕೇಳಿದೆ. 'ವರ್ಣದ ಪಾಠ ಮುಗಿಸಿ ಎಷ್ಟು ದಿನ ಆಯ್ತು ಮರಿ? ಇನ್ನು ಹತ್ತು ವರ್ಷ ಬಿಟ್ಟು ಬಾ' ಅಂದರು. ಸುತ್ತಲಿದ್ದವರು ನಕ್ಕರು. ಮೂರು ವರ್ಷ ಕಳೆದು, ಪಿಯುಸಿ ಆದ ಮೇಲೆ, 'ಹೊಟ್ಟೆಗೇನು ಮಾಡ್ತೀಯಾ?' ಅಂತ ಅಪ್ಪ ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ. ಸಂಗೀತದಲ್ಲಿ ಬದುಕುವ ಒಬ್ಬರ ಪಕ್ಕವೂ ನಾನು ಕೂತಿರಲಿಲ್ಲವಲ್ಲ.

ನಮ್ಮಲ್ಲಿ ಪಾಠದ ಚಾಪೆ ಇದೆ, ಕಛೇರಿಯ ವೇದಿಕೆ ಇದೆ. ನಡುವೆ ಜಗಲಿ ಇಲ್ಲ. ಅರ್ಧ ಕಲಿತ ಸಾವಿರಾರು ಮಕ್ಕಳು ಅಲ್ಲೇ ಬಿದ್ದುಹೋಗುತ್ತಾರೆ. ಪಿಟೀಲು ಅಟ್ಟ ಸೇರುತ್ತದೆ. ಹತ್ತು ವರ್ಷ ಒಬ್ಬನೇ ಸಾಧನೆ ಮಾಡು ಅನ್ನುವುದು ಎಲ್ಲರಿಗೂ ಆಗುವ ಮಾತಲ್ಲ. ಜೊತೆಗೆ ಕೂರಿಸಿಕೊಂಡರೆ ಯಾರಿಗೇನು ನಷ್ಟ? ತಪ್ಪು ಸ್ವರ ಬಂದರೆ ಮುಂದಿನ ಸುತ್ತಿಗೆ ಸರಿಹೋಗುತ್ತದೆ.

ಇಲ್ಲಿಯೂ ಎಲ್ಲ ಸುಲಭವಿಲ್ಲ, ಅದನ್ನು ಹೇಳಲೇಬೇಕು. ಡಾಕ್‌ಗೆ ನ್ಯೂಪೋರ್ಟ್ ಜನಪದ ಸಂಗೀತೋತ್ಸವದ ವೇದಿಕೆ ಸಿಕ್ಕಿದ್ದು 1963ರಲ್ಲಿ, ನಲವತ್ತು ತುಂಬುವ ವರ್ಷ. ನನ್ನ ಪಕ್ಕದ ಗಿಟಾರಿನವರ ಆರೋಗ್ಯ ವಿಮೆ ಹೆಂಡತಿಯ ಕೆಲಸದಿಂದ ಬರುತ್ತದೆ. ಇನ್ನೊಂದು ಮಾತು. ಆ ಮಂಗಳವಾರ, ಮೊದಲು ಕೇಳಿರದ ಹಾಡೊಂದನ್ನು ನಾನು ಎರಡನೇ ಸುತ್ತಿಗೇ ಹಿಡಿದೆ. ಆ ಕಿವಿ ಕೊಟ್ಟಿದ್ದು ಸರಳೆ ಜಂಟಿ ಅನ್ನುವ ಮೊದಲ ಪಾಠಗಳನ್ನು ಮೂರು ವೇಗದಲ್ಲಿ ನೂರು ಸಲ ನುಡಿಸಿದ ಆ ಬೆಳಗುಗಳೇ. ತಿಂಗಳ ಫೀಸು ಕೊಡಲಾಗದಾಗ 'ಇರಲಿ ಬಿಡು' ಅಂದ ನನ್ನ ಮೇಷ್ಟ್ರೇ.

ಭಾನುವಾರ ಅಪ್ಪನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

'ಶ್ರುತಿ ಯಾವ್ದು ಇಟ್ಕೋತಾರೆ?'

'ಹಾಡಿಗೊಂದು ಅಪ್ಪ.'

'ಪ್ರತಿ ಸಲ ಬಿರಡೆ ತಿರುಗಿಸ್ತಾ ಕೂರ್ತೀಯಾ?'

'ಹ್ಞೂಂ. ಅವ್ರು ಕಾಯ್ತಾರೆ.'

'ಡಿಸೆಂಬರ್‌ನಲ್ಲಿ ಬರುವಾಗ ಪಿಟೀಲು ತಗೊಂಡ್ಬಾ. ನಮ್ಮ ಬೀದಿ ಭಜನೆಯಲ್ಲೂ ದುಂಡಗೇ ಕೂರ್ತೀವಿ. ಯಾರೂ ಏನೂ ಕೇಳಲ್ಲ.'